ಬಲಗಡೆಯ ಸ್ಪೀಕರ್

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೂ ಇತ್ತು. ಆ ಹೆಸರು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ಹೋದ ಮೇಲೆ ಪೇಟೆಯವರು ಇಟ್ಟ ಹೆಸರೇ ಗಟ್ಟಿಯಾಯಿತು: ಗುಂಡಿರಾಯ. ರಸ್ತೆಯ ಗುಂಡಿಗೂ ಇವನಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಇದು ರಿಮೋಟಿನ ಗುಂಡಿ. ಒತ್ತಿ ಒತ್ತಿ ಸವೆದ ಗುಂಡಿ, ಕಾಫಿ ಚೆಲ್ಲಿ ಅಂಟಿಕೊಂಡ ಗುಂಡಿ, ಮಗು ಕಚ್ಚಿ ಕಿತ್ತ ಗುಂಡಿ, ಎಲ್ಲವನ್ನೂ ಸರಿಮಾಡಿ ಕೊಡುವುದು ಅವನ ಕಸುಬು. ಅಂಗಡಿ ಎಂದರೆ ಎರಡು ದೊಡ್ಡ ಅಂಗಡಿಗಳ ನಡುವೆ ಉಳಿದ ಸಂದಿ. ಒಳಗೆ ಅವನೊಬ್ಬ ಕೂತರೆ ಗಿರಾಕಿ ಹೊರಗೇ ನಿಲ್ಲಬೇಕು. ಮಳೆ ಬಂದರೆ ಗಿರಾಕಿಯ ತಲೆ ಒಳಗೆ, ಬೆನ್ನು ಹೊರಗೆ.

ಕೆಟ್ಟ ರಿಮೋಟನ್ನು ಒರೆಸಿ ತಿಕ್ಕಿ ಸರಿಮಾಡುವವರು ಪೇಟೆಯಲ್ಲಿ ಇನ್ನೂ ಇದ್ದರು. ಆದರೆ ರಿಮೋಟು ಕಳೆದೇ ಹೋಗಿದ್ದರೆ, ಟಿವಿಯೋ ಸ್ಟೀರಿಯೋವೋ ಆ ಸೆಟ್ಟು ಮಾಡಿದ ಕಂಪನಿಯೂ ಬಾಗಿಲು ಹಾಕಿಕೊಂಡಿದ್ದರೆ, ಆಗ ಎಲ್ಲರೂ ಬೆರಳು ತೋರಿಸುತ್ತಿದ್ದದ್ದು ಈ ಸಂದಿಯ ಕಡೆಗೇ. ಅದರಲ್ಲೂ ಹಳೆಯ ಹಾಡಿನ ಸೆಟ್ಟುಗಳೆಂದರೆ ಅವನಿಗೆ ಒಂದು ಹಿಡಿ ಹೆಚ್ಚು ಅಕ್ಕರೆ.

ಅವನ ವಿದ್ಯೆ ಇಷ್ಟು. ರಿಮೋಟಿನ ಮೂತಿಯಲ್ಲಿ ಒಂದು ಪುಟ್ಟ ದೀಪವಿದೆ. ಅದರ ಬೆಳಕು ನಮ್ಮ ಕಣ್ಣಿಗೆ ಕಾಣದು. ಮೊಬೈಲಿನ ಕ್ಯಾಮೆರಾದಲ್ಲಿ ನೋಡಿದರೆ ಮಸುಕಾದ ನೇರಳೆ ಚುಕ್ಕೆ. ಗುಂಡಿ ಒತ್ತಿದಾಗ ಅದು ಸರಸರನೆ ಮಿಟುಕುತ್ತದೆ. ಎರಡು ಮಿಟುಕಿನ ನಡುವಿನ ಗಿಡ್ಡ ಬಿಡುವು ಒಂದು ಅಕ್ಷರ, ಉದ್ದ ಬಿಡುವು ಇನ್ನೊಂದು. ಎರಡೇ ಅಕ್ಷರದ ಭಾಷೆ. ಮೊದಲು ಸೆಟ್ಟಿನ ವಿಳಾಸ ಬರುತ್ತದೆ, ಆಮೇಲೆ ಅಪ್ಪಣೆ. ವಿಳಾಸ ತನ್ನದಲ್ಲದಿದ್ದರೆ ಸೆಟ್ಟು ಕಲ್ಲಿನ ಹಾಗೆ ಕೂತಿರುತ್ತದೆ. ರಿಮೋಟು ಕೈಯಲ್ಲಿದ್ದರೆ ಅದರ ಮಿಟುಕನ್ನು ಹಿಡಿದು, ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆರೆಗಳಾಗಿ ಹರಡಿ ಓದಬಹುದು. ಇಲ್ಲದಿದ್ದರೆ ಕದ ತಟ್ಟಬೇಕು. ಹಾಗೆಂದು ಹೆಸರಿಟ್ಟವನು ಅವನೇ. ಅಪ್ಪಣೆಗೆಂದು ಇನ್ನೂರೈವತ್ತಕ್ಕೂ ಮೇಲೆ ಸಂಖ್ಯೆಗಳಿವೆ. ಒಂದೊಂದನ್ನೇ ಕಳಿಸಿ, ಸೆಟ್ಟು ಏನು ಮಾಡೀತೆಂದು ಕಣ್ಣು ಕಿವಿ ತೆರೆದು ಕಾಯಬೇಕು. ಹೆಚ್ಚಿನ ಕದಗಳು ತೆರೆಯುವುದೇ ಇಲ್ಲ. ದುಡುಕಿನವರಿಗೆ ಹೇಳಿ ಮಾಡಿಸಿದ ಕೆಲಸವಲ್ಲ.

ತಾಳ್ಮೆ ಅವನಿಗೆ ಬೇಕಾದಷ್ಟಿತ್ತು. ಇಲ್ಲದ್ದು ಮಾತು. ‘ಆಯ್ತು’, ‘ನಾಳೆ ಬನ್ನಿ’, ‘ಬ್ಯಾಟರಿ ಹೊಸದು ಹಾಕಿ’, ಇಷ್ಟರಲ್ಲೇ ದಿನದ ವ್ಯಾಪಾರವೆಲ್ಲ ಮುಗಿಯುತ್ತಿತ್ತು. ಪಕ್ಕದ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬನಿದ್ದ, ಬಾಯಿಗೆ ಬೀಗವೇ ಇಲ್ಲದ ಮನುಷ್ಯ. “ಕಂಡವರ ಪೆಟ್ಟಿಗೇನೆಲ್ಲ ಮಾತಾಡಿಸ್ತೀಯ, ನಿನ್ನ ಬಾಯಿಗೂ ಒಂದು ರಿಮೋಟ್ ಮಾಡ್ಕೊಳ್ಳಯ್ಯ” ಎಂದು ದಿನಕ್ಕೊಮ್ಮೆಯಾದರೂ ಕಾಲೆಳೆಯುತ್ತಿದ್ದ. ಗುಂಡಿರಾಯ ನಕ್ಕು ಸುಮ್ಮನಾಗುತ್ತಿದ್ದ. ಅವನ ಬಾಯಿಯ ರಿಮೋಟು ಮನೆಯಲ್ಲಿತ್ತು, ಹೆಂಡತಿಯ ಕೈಯಲ್ಲಿ.

ಮನೆ ಎಂದರೆ ಮೂರನೆಯ ಮಹಡಿಯ ಎರಡು ಕೋಣೆ. ಮುಂದಿನ ಕೋಣೆಯ ಮೇಜಿನ ಮೇಲೆ ಹಾಡಿನ ಸೆಟ್ಟು, ಅದರ ಎಡಕ್ಕೊಂದು ಬಲಕ್ಕೊಂದು ಮೊಣಕಾಲೆತ್ತರದ ಸ್ಪೀಕರು. ಎಡಗಡೆಯ ಸ್ಪೀಕರಿಗೆ ಒತ್ತಿ ಅವಳ ಕುರ್ಚಿ. ಅವಳ ಬಲಕ್ಕೆ, ಪ್ಲಗ್ಗು ಇರುವ ಮೂಲೆಯಲ್ಲಿ, ಅವನ ಕುರ್ಚಿ. ಸಂಜೆಗೂ ಒಂದೆರಡು ರಿಮೋಟು ಮನೆಗೆ ತರುತ್ತಿದ್ದ, ಬೆಸುಗೆ ಹಾಕಲು ಕರೆಂಟು ಬೇಕಲ್ಲ. ಅವನು ಕೈಕಾಲು ತೊಳೆದು ಬಂದು ಕೂತ ಕೂಡಲೇ ಅವಳು ಹಾಡು ಹಾಕುತ್ತಿದ್ದಳು. ಹಾಡು ಶುರುವಾದರೆ ಇವನ ಮಾತೂ ಶುರು. ನಿಶ್ಶಬ್ದದಲ್ಲಿ ಅವನಿಗೆ ನಾಲಿಗೆಯೇ ಏಳದು. ತನ್ನ ದನಿ ತನಗೇ ಕೇಳಿಸಿಬಿಟ್ಟರೆ ಸಂಕೋಚ. ಹಾಡಿನ ಮರೆ ಸಿಕ್ಕರೆ ಸಾಕು, ತಲೆ ತಗ್ಗಿಸಿ, ಬಿಚ್ಚಿದ ರಿಮೋಟಿನ ಹೊಟ್ಟೆ ಕೆದಕುತ್ತ, ದಿನವಿಡೀ ಕೂಡಿಟ್ಟದ್ದನ್ನೆಲ್ಲ ಮೆಲುದನಿಯಲ್ಲಿ ಸುರಿಯುತ್ತಿದ್ದ. ಯಾವ ಗಿರಾಕಿ ಏನೆಂದ, ಗಡಿಯಾರದವನು ಯಾರ ಮೇಲೆ ಹರಿಹಾಯ್ದ, ಚಿಕ್ಕಂದಿನಲ್ಲಿ ಅಪ್ಪನ ರೇಡಿಯೋ ಬಿಚ್ಚಿ ತಿಂದ ಏಟು ಎಷ್ಟು, ಈ ಸಂದಿಯನ್ನು ಬಿಟ್ಟು ಗಾಳಿ ಬೆಳಕಿರುವ ಕಡೆ ಹೋಗಬೇಕೆಂಬ ಆಸೆ, ಹೋದರೆ ಗಿರಾಕಿ ಬರಲಿಕ್ಕಿಲ್ಲವೆಂಬ ಭಯ.

ಅವಳು “ಹೂಂ” ಎನ್ನುತ್ತಿದ್ದಳು. ಹೂಂಗಳಲ್ಲಿ ಎಷ್ಟೋ ಜಾತಿ. ಬೇಸರದ ಹೂಂ ಉಂಟು, ಬೇಗ ಮುಗಿಸಿ ಎನ್ನುವ ಹೂಂ ಉಂಟು, ನಿದ್ದೆಗಣ್ಣಿನ ಹೂಂ ಉಂಟು. ಇವಳದು ಆ ಯಾವುದೂ ಅಲ್ಲ. ಅವನು ಉಸಿರಿಗೆ ನಿಂತಲ್ಲೆಲ್ಲ ಸರಿಯಾಗಿ ಬಂದು ಬೀಳುವ ಹೂಂ. ಹೂಂಗುಟ್ಟುವವರಿಲ್ಲದಿದ್ದರೆ ಅಜ್ಜಿಯ ಕಥೆಯೂ ಮುಂದಕ್ಕೆ ಹೋಗದು, ಇವನದು ಹೋದೀತೇ? ತನ್ನ ಮಾತನ್ನು ಒಂದಕ್ಷರ ಬಿಡದೆ ಕೇಳಿಸಿಕೊಳ್ಳುವ ಜೀವ ಭೂಮಿಯ ಮೇಲೆ ಒಂದಾದರೂ ಇದೆ ಎಂಬ ಧೈರ್ಯದಲ್ಲಿ ಅವನು ಹಗಲೆಲ್ಲ ಮೂಗನ ಹಾಗೆ ಇರಬಲ್ಲವನಾಗಿದ್ದ.

ಹೀಗೇ ಒಂದು ಸಂಜೆ, ಸತ್ತರೂ ಹೇಳಬಾರದೆಂದು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನೂ ಹೇಳಿಬಿಟ್ಟ.

ಅವರಿಗೆ ಮಕ್ಕಳಿರಲಿಲ್ಲ. ಮದುವೆಯಾಗಿ ಕೆಲವು ವರ್ಷಕ್ಕೆ ಇಬ್ಬರೂ ಪರೀಕ್ಷೆ ಮಾಡಿಸಿಕೊಂಡಾಗ, ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದು, ದೋಷ ನಿಮ್ಮದು, ಔಷಧಿಗೆ ಬಗ್ಗುವಂಥದ್ದಲ್ಲ ಎಂದಿದ್ದರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅವಳು “ಏನಂದ್ರು ರೀ?” ಎಂದಳು. “ನೋಡೋಣ ಅಂದ್ರು” ಎಂದುಬಿಟ್ಟ. ಆಮೇಲೆ ಆ ಸುಳ್ಳನ್ನು ಬಿಚ್ಚಲು ದಿನವೇ ಕೂಡಿಬರಲಿಲ್ಲ. ನೆಂಟರ ಬಾಯಲ್ಲಿ ಅವಳು ಬಂಜೆಯಾದಳು. ಯಾರು ಯಾವ ಕಷಾಯ ಹೇಳಿದರೂ ಆ ಕಹಿ ಕುಡಿದಳು. ಇವನು ಪಕ್ಕದಲ್ಲೇ ಕೂತು ನೋಡಿದ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡವನ ಹಾಗೆ. ಇಬ್ಬರ ತಲೆಯೂ ನರೆತ ಮೇಲೆ, ಆ ಸಂಜೆ, ಹಾಡಿನ ಮರೆಯಲ್ಲಿ, ತಲೆ ಎತ್ತದೆ ಹೇಳಿದ: “ಮಕ್ಕಳಾಗದೇ ಇದ್ದದ್ದು ನನ್ನಿಂದ ಕಣೇ. ಡಾಕ್ಟರು ಅವತ್ತೇ ಹೇಳಿದ್ರು. ನಿನ್ನ ಹತ್ರ ಮುಚ್ಚಿಟ್ಟೆ. ನಿನ್ನದೇನೂ ತಪ್ಪಿಲ್ಲ.”

“ಹೂಂ” ಎಂದಳು. ಆಮೇಲೆ ಎದ್ದು, ಒಳಗೆ ಹೋಗುವಾಗ ಅವನ ಹೆಗಲ ಮೇಲೆ ಒಂದು ಗಳಿಗೆ ಕೈಯಿಟ್ಟಳು. ಆಮೇಲೆ ಊಟಕ್ಕೆ ತಟ್ಟೆ ಇಟ್ಟ ಸದ್ದು.

ಕೂಗಾಡಲಿಲ್ಲ, ಅಳಲಿಲ್ಲ, ಮರುದಿನ ಎತ್ತಿ ಆಡಲಿಲ್ಲ. ಕ್ಷಮಿಸಿದಳು ಎಂದುಕೊಂಡ ಗುಂಡಿರಾಯ. ಅಂದಿನ ರಾತ್ರಿ ಅವನಿಗೆ ಎಷ್ಟೋ ವರ್ಷಗಳ ನಿದ್ದೆ ಒಟ್ಟಿಗೇ ಬಂತು. ಆ ಒಂದು ಹೂಂ ಅವನ ಪಾಲಿಗೆ ಮನೆಯ ತೊಲೆಯಾಯಿತು. ಮಿಕ್ಕದ್ದೆಲ್ಲ ಅದರ ಮೇಲೆಯೇ ನಿಂತಿತ್ತು.

ಆ ಮನೆಯಲ್ಲಿ ಇನ್ನೊಂದು ಸಂಗತಿಯಿತ್ತು, ಹೇಳಲು ನಾಚಿಕೆ. ಪೇಟೆಯ ಸೆಟ್ಟುಗಳನ್ನೆಲ್ಲ ಹಾಡಿಸುವವನ ಮನೆಯಲ್ಲಿ ಬಲಗಡೆಯ ಸ್ಪೀಕರು ಸತ್ತು ಬಿದ್ದಿತ್ತು. ಹಾಡೆಲ್ಲ ಎಡಗಡೆಯಿಂದಲೇ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆಯಲ್ಲ. “ಅರ್ಧ ಹಾಡೇ ಕೇಳ್ತಿದೀವಲ್ಲೇ, ಬಿಚ್ಚಿ ನೋಡ್ತೀನಿ ಇರು” ಎಂದು ಸ್ಕ್ರೂಡ್ರೈವರ್ ಹಿಡಿದರೆ ಸಾಕು, “ಇವತ್ತು ಬೇಡ ಬಿಡಿ, ದಣಿದಿದೀರಿ. ರಜಾ ದಿನ ನೋಡಿದ್ರಾಯ್ತು” ಎನ್ನುತ್ತಿದ್ದಳು. ಬೇಡವೆಂದರೆ ಬೇಡ. ರಿಪೇರಿಯವನಿಗೆ ಮನೆಯಲ್ಲಿ ರಿಪೇರಿ ತಪ್ಪಿದರೆ ಅದಕ್ಕಿಂತ ದೊಡ್ಡ ರಜೆ ಉಂಟೇ? ವರ್ಷಗಳು ಹೀಗೇ ಉರುಳಿದವು.

ಒಂದು ಜ್ವರ ಬಂತು. ಆಸ್ಪತ್ರೆಗೆ ಹೋದಳು. ತಿರುಗಿ ಬರಲಿಲ್ಲ.

ಮನೆ ಚೊಕ್ಕಟ ಮಾಡಿಕೊಡಲು ಬಂದ ನೆಂಟರು ಅವಳ ಬಟ್ಟೆ ಹೊದಿಕೆಗಳನ್ನೆಲ್ಲ ಗಂಟು ಕಟ್ಟಿ ಬೇಕಾದವರಿಗೆ ಕೊಟ್ಟರು. ಹೊದಿಕೆಯ ಮಡಿಕೆಯಲ್ಲಿದ್ದ ಸೆಟ್ಟಿನ ರಿಮೋಟೂ ಗಂಟಿನ ಜೊತೆಗೇ ಹೋಯಿತು. ಅದು ಗೊತ್ತಾಗುವ ಹೊತ್ತಿಗೆ ಗಂಟು ಯಾರ ಮನೆ ಸೇರಿತೋ ಯಾರಿಗೂ ನೆನಪಿರಲಿಲ್ಲ.

ಆಮೇಲಿನ ದಿನಗಳನ್ನು ವಿವರಿಸಲು ಏನೂ ಇಲ್ಲ, ಅದೇ ಅವುಗಳ ಕಷ್ಟ. ಗುಂಡಿರಾಯ ನಿಂತುಕೊಂಡೇ ಉಂಡ. ಒಂದೇ ಲೋಟ, ಒಂದೇ ತಟ್ಟೆ ತೊಳೆದಿಟ್ಟ. ಬೀಗ ತೆಗೆದು ಒಳಗೆ ಬಂದರೆ ಮನೆ ಬಾಯಿ ತೆರೆದು ನುಂಗಲು ಬರುತ್ತಿತ್ತು. ಮಾತು ಹೊಟ್ಟೆಯಲ್ಲಿ ಕೂಡಿಕೊಳ್ಳುತ್ತಲೇ ಇತ್ತು, ಸುರಿಯಲು ಜಾಗವಿರಲಿಲ್ಲ. ಒಮ್ಮೆ ಗಡಿಯಾರದವನ ಮುಂದೆ ಬಾಯಿ ತೆರೆದ. ಅವನು ಎರಡನೆಯ ವಾಕ್ಯಕ್ಕೇ “ಅಯ್ಯೋ, ನಂದು ಕೇಳು” ಎಂದು ತನ್ನ ಮಂಡಿನೋವಿನ ಪುರಾಣ ಬಿಚ್ಚಿದ. ಪಾಪ, ಒಳ್ಳೆಯವನೇ. ಆದರೆ ಹೂಂ ಎನ್ನಲು ಬಾರದವನು.

ಒಂದು ರಜೆಯ ಬೆಳಿಗ್ಗೆ ಅವನಿಗೆ ಅವಳ ಹಾಡುಗಳನ್ನು ಕೇಳಬೇಕೆನಿಸಿತು. ಸೆಟ್ಟಿನ ಮುಖದ ಮೇಲೆ ಇದ್ದದ್ದು ಎರಡೇ: ಕರೆಂಟಿನ ಸ್ವಿಚ್ಚು, ಸದ್ದು ಹೆಚ್ಚು ಕಡಿಮೆ ಮಾಡುವ ತಿರುಪು. ಉಳಿದದ್ದೆಲ್ಲ ರಿಮೋಟಿನಲ್ಲೇ ಆಗಬೇಕು. ಕೊನೆಯ ದಿನಗಳಲ್ಲಿ ಅವಳು ರೇಡಿಯೋ ಹಾಕಿದ್ದಳು. ಸೆಟ್ಟು ಅಲ್ಲಿಗೇ ನಿಂತುಬಿಟ್ಟಿತ್ತು. ಚೊಕ್ಕಟ ಮಾಡುವವರು ಏರಿಯಲ್ ತಂತಿಯನ್ನು ಎಳೆದು ಹಾಕಿದ್ದರಿಂದ ರೇಡಿಯೋ ಬರೀ ಸುಯ್‌ಗುಟ್ಟಿತು. ಹಾಡಿನ ಡಿಸ್ಕಿಗೆ ಬದಲಿಸಲು ಅದರ ಅಪ್ಪಣೆಯ ಸಂಖ್ಯೆ ಬೇಕು. ಸೆಟ್ಟಿನ ಕಂಪನಿ ಎಂದೋ ಮುಚ್ಚಿದೆ. ಸರಿ, ಕದ ತಟ್ಟೋಣ ಎಂದುಕೊಂಡ. ಮಾಡಲು ಕೆಲಸ ಸಿಕ್ಕಿತೆಂದು ಸ್ವಲ್ಪ ಖುಷಿಯೂ ಆಯಿತು.

ಪುಟ್ಟ ಸರ್ಕ್ಯೂಟ್ ಬೋರ್ಡಿನ ತುದಿಗೆ ರಿಮೋಟಿನ ದೀಪವೊಂದನ್ನು ಬೆಸೆದು, ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಸೆಟ್ಟಿನ ಎದುರು ಪುಸ್ತಕಗಳ ಮೇಲೆ ಇಟ್ಟ. ಮೊದಲು ವಿಳಾಸ. ಈ ಸೆಟ್ಟು ಒಂದು ಒಳ್ಳೆಯ ಅಭ್ಯಾಸದ್ದು: ತನ್ನ ವಿಳಾಸಕ್ಕೆ ಬಂದ ಮಾತಾದರೆ, ಅರ್ಥವಾಗದಿದ್ದರೂ, ಕೆಂಪು ದೀಪ ಒಮ್ಮೆ ರೆಪ್ಪೆ ಬಡಿಯುತ್ತಿತ್ತು. ಆ ಕಾಲದ ಸಣ್ಣ ಕಂಪನಿಗಳು ಯಾವ ಯಾವ ವಿಳಾಸ ಇಟ್ಟುಕೊಳ್ಳುತ್ತಿದ್ದವೆಂದು ಅವನಿಗೆ ಅಂದಾಜಿತ್ತು. ಒಂದೊಂದಾಗಿ ಕಳಿಸುತ್ತ ಹೋದ. ಬಿಸಿಲು ಕಿಟಕಿಯಿಂದ ಮೇಜಿಗೆ ಬರುವಷ್ಟರಲ್ಲಿ ದೀಪ ರೆಪ್ಪೆ ಬಡಿಯಿತು. ಇನ್ನು ಅಪ್ಪಣೆ. ಸೊನ್ನೆ ಕಳಿಸಿದ, ಏನಿಲ್ಲ. ಒಂದು, ಏನಿಲ್ಲ. ಮುಂದೆಲ್ಲೋ ಒಂದು ಸಂಖ್ಯೆಗೆ ಸದ್ದು ಏರಿತು, ಅದರ ಪಕ್ಕದ್ದಕ್ಕೆ ಇಳಿಯಿತು. ಇನ್ನೂ ಮುಂದೆ ಒಂದಕ್ಕೆ ಟಕ್ ಎಂದು ಸುಯ್‌ಗುಟ್ಟುವುದು ನಿಂತು ಹಾಡು ಬಂತು. ಅವಳ ಡಿಸ್ಕು ಒಳಗೇ ಇತ್ತು.

ಗುಂಡಿರಾಯ ಅತ್ತ. ಅದರಲ್ಲಿ ಬಚ್ಚಿಡುವುದೇನಿದೆ, ಗಂಡಸಾದರೇನು, ಕೂತು ಅತ್ತ. ಅತ್ತು ಮುಗಿಸಿ ಮೂಗು ಒರೆಸಿಕೊಂಡು ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತ. ಬೇಕಾದದ್ದು ಸಿಕ್ಕಿತ್ತು, ಅಷ್ಟಕ್ಕೇ ಏಳಬಹುದಿತ್ತು. ಆದರೆ ಅರ್ಧ ಕದ ತಟ್ಟಿ ಏಳುವ ಆಸಾಮಿ ಅವನಲ್ಲ. ಕಳಿಸುತ್ತ ಹೋದ. ಒಂದು ಸಂಖ್ಯೆಗೆ ಸೆಟ್ಟಿನ ದೀಪ ಮಿಟುಕಿತು, ಆದದ್ದೇನೆಂದು ತಿಳಿಯಲಿಲ್ಲ. ಇನ್ನೊಮ್ಮೆ ಕಳಿಸಿದ. ಮತ್ತೊಮ್ಮೆ. ಬಲಗಡೆಯ ಸ್ಪೀಕರಿನಿಂದ ಎಳೆಯಷ್ಟು ದನಿ ಬಂತು.

ಅವನು ಕುರ್ಚಿಯಿಂದ ಎದ್ದೇಬಿಟ್ಟ. ಮತ್ತೆ ಮತ್ತೆ ಕಳಿಸಿದ. ಒಂದೊಂದು ಸಲಕ್ಕೂ ಒಂದೊಂದು ಮೆಟ್ಟಿಲು ದನಿ ಬಲಕ್ಕೆ ಸರಿಯುತ್ತ ಬಂತು. ಅವನು ಆ ಮನೆಯಲ್ಲಿ ಎಂದೂ ಕೇಳಿರದ ಕೊಳಲೊಂದು ಬಲಗಡೆಯಿಂದ ಎದ್ದು ಹಾಡಿನ ಜೊತೆ ಸೇರಿಕೊಂಡಿತು. ಸ್ಪೀಕರು ಸತ್ತೇ ಇರಲಿಲ್ಲ! ಎಡ ಬಲ ಹಂಚುವ ಗುಂಡಿಯನ್ನು ಯಾರೋ ಪೂರ್ತಿ ಎಡಕ್ಕೆ ಒತ್ತಿಟ್ಟಿದ್ದರು, ಅಷ್ಟೇ. “ಥತ್, ಇಷ್ಟೇನಾ” ಎಂದು ಜೋರಾಗಿ ನಕ್ಕ. ಪೇಟೆಗೆಲ್ಲ ಬುದ್ಧಿ ಹೇಳುವವನು ಮನೆಯ ಗುಂಡಿಗೆ ತಾನೇ ಬಿದ್ದಿದ್ದನಲ್ಲ. ಗಡಿಯಾರದವನಿಗೆ ಗೊತ್ತಾದರೆ ಜನ್ಮವಿಡೀ ಆಡಿಕೊಂಡಾನು.

ನಗು ನಿಂತ ಮೇಲೆ ಯೋಚನೆ ಬಂತು. ಸೆಟ್ಟು ತಾನಾಗಿ ಹೀಗೆ ಮಾಡಿಕೊಂಡೀತೇ? ಇಲ್ಲ. ನೆನಪು ತಪ್ಪಿದ ಸೆಟ್ಟು ನಡುವಿಗೆ ಬಂದು ನಿಲ್ಲುತ್ತದೆಯೇ ಹೊರತು ಮೂಲೆಗೆ ಹೋಗುವುದಿಲ್ಲ. ಯಾರೋ ಒತ್ತಿ ಹಿಡಿದು, ಇನ್ನು ಸರಿಯದು ಎನ್ನುವವರೆಗೆ ಎಡಕ್ಕೆ ನೂಕಿರಬೇಕು. ಆ ರಿಮೋಟನ್ನು ಮುಟ್ಟುತ್ತಿದ್ದವಳು ಒಬ್ಬಳೇ.

ಹಾಡು ಎರಡೂ ಕಡೆಯಿಂದ ಬರುತ್ತಲೇ ಇತ್ತು. ಅವನಿಗೆ ಒಂದೊಂದಾಗಿ ನೆನಪಾಗತೊಡಗಿತು. ಫೋನು ಬಂದರೆ ಬಲಗೈಯಲ್ಲಿ ಎತ್ತಿ, ಮುಖದ ಮುಂದಿನಿಂದ ದಾಟಿಸಿ, ಎಡಗಿವಿಗೇ ಹಿಡಿಯುತ್ತಿದ್ದಳು. ಒಳಗಿನಿಂದ “ಏ ಇವಳೇ” ಎಂದು ಕೂಗಿದರೆ ಬಾಲ್ಕನಿಯ ಕಡೆ ಓಡುತ್ತಿದ್ದಳು, ಬಾಲ್ಕನಿಯಿಂದ ಕೂಗಿದರೆ ಅಡಿಗೆಮನೆ ಹುಡುಕುತ್ತಿದ್ದಳು. “ಮೂರಡಿ ಮನೇಲಿ ದಿಕ್ಕು ತಪ್ಪೋ ಹೆಂಗಸು ಅಂದ್ರೆ ನೀನೇ” ಎಂದು ಅವನು ಎಷ್ಟು ಸಲ ನಕ್ಕಿದ್ದನೋ. ಅವಳೂ ನಗುತ್ತಿದ್ದಳು. ಒಂದೇ ಕಿವಿ ಕೇಳುವವರಿಗೆ ಸದ್ದಿನ ದಿಕ್ಕು ತಿಳಿಯದು. ಸ್ಪೀಕರುಗಳ ಮಧ್ಯೆಯೇ ಬದುಕಿದ ಅವನಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ.

ಕೇಳುವ ಎಡಗಿವಿಗೇ ಹಾಡೆಲ್ಲ ಬರಲೆಂದು ನೂಕಿಕೊಂಡಿದ್ದಳೇ? ಹಾಗಾದರೆ ಅವಳ ಬಲಗಡೆ ಕೂತು ತಾನು ಸುರಿದ ಮಾತೆಲ್ಲ?

ಆ ಸಂಜೆಯ ಮಾತು?

ಗುಂಡಿರಾಯ ರಿಪೇರಿಯವನು, ಅನುಮಾನ ಬಂದರೆ ಪರೀಕ್ಷೆ ಮಾಡದೆ ಬಿಡುವವನಲ್ಲ. ಮೊಬೈಲಿನಲ್ಲಿ ತನ್ನ ದನಿಯನ್ನೇ ಹಿಡಿದ, ಎಂದಿನ ಮೆಲುದನಿಯಲ್ಲಿ, ತಲೆ ತಗ್ಗಿಸಿ. ಏನು ಹೇಳುವುದೆಂದು ತಿಳಿಯದೆ ಗಿರಾಕಿಯೊಬ್ಬನ ಕಥೆ ಹೇಳಿದ. ಮೊಬೈಲನ್ನು ತನ್ನ ಕುರ್ಚಿಯ ಮೇಲಿಟ್ಟು ಸದ್ದನ್ನು ತನ್ನ ದನಿಯಷ್ಟಕ್ಕೇ ತಂದ. ಹಾಡನ್ನು ಮತ್ತೆ ಪೂರ್ತಿ ಎಡಕ್ಕೆ ನೂಕಿದ. ಬಲಗಿವಿಗೆ ಹತ್ತಿ ತುರುಕಿ, ಮೇಲೆ ಅಂಗೈ ಒತ್ತಿ, ಅವಳ ಕುರ್ಚಿಯಲ್ಲಿ ಮೊದಲ ಸಲ ಕೂತ.

ಎಡಗಿವಿಯ ತುಂಬ ಹಾಡು. ಅದರಾಚೆ ಎಲ್ಲೋ ಒಂದು ಗುಂಯ್‌ಗುಟ್ಟುವಿಕೆ, ಪಕ್ಕದ ಮನೆಯಲ್ಲಿ ಯಾರೋ ಗೊಣಗಿದ ಹಾಗೆ. ಮಾತು ಎಂದು ತಿಳಿಯುತ್ತಿತ್ತು. ಎಲ್ಲಿ ನಿಂತಿತೆಂದು ತಿಳಿಯುತ್ತಿತ್ತು, ಅಲ್ಲಿ ಒಂದು ಹೂಂ ಇಡಬಹುದಿತ್ತು. ಏನು ಮಾತು ಎನ್ನುವುದು ಮಾತ್ರ ತಿಳಿಯಲಿಲ್ಲ. ಹಾಡು ಸಣ್ಣಗಾದಾಗ ಒಂದೆರಡು ಪದ ಮೇಲೆ ಬಂದು ಮತ್ತೆ ಮುಳುಗಿದವು. ಅವನು ಮತ್ತೆ ಮತ್ತೆ ಹಾಕಿ ಕೇಳಿದ. ಕುರ್ಚಿಯಲ್ಲಿ ಬಗ್ಗಿ ಕೇಳಿದ, ತಿರುಗಿ ಕೇಳಿದ. ತಾನೇ ಆಡಿದ ಮಾತು, ಆದರೂ ಹಿಡಿಯಲಾಗಲಿಲ್ಲ.

ಆದರೂ ಮನುಷ್ಯನ ಆಸೆಗೆ ಕೊನೆಯುಂಟೇ. ಅಂದು ಹಾಡು ಸಣ್ಣದಿದ್ದಿರಬಹುದು. ಎರಡು ಹಾಡಿನ ನಡುವಿನ ಬಿಡುವಿನಲ್ಲಿ ತಾನು ಹೇಳಿರಬಹುದು. ಕೇಳಿಸದಿದ್ದರೆ ಹೆಗಲ ಮೇಲೆ ಕೈ ಏಕೆ ಇಟ್ಟಾಳು? ಹೀಗೆ ತನ್ನ ಪರವಾಗಿ ತಾನೇ ವಾದ ಹೂಡುತ್ತ ಅವನು ವಾರ ಕಳೆದ. ಅಂಗಡಿಯಲ್ಲಿ ಒಬ್ಬರ ರಿಮೋಟನ್ನು ಇನ್ನೊಬ್ಬರಿಗೆ ಕೊಟ್ಟ. ಕೊನೆಗೆ ಉಳಿದದ್ದು ಒಂದೇ ದಾರಿ, ನಾದಿನಿ. ಹೆಂಡತಿಯ ತಂಗಿ. ಅಕ್ಕ ತಂಗಿ ದಿನವೂ ಫೋನಿನಲ್ಲಿ ಮಾತಾಡುತ್ತಿದ್ದರು. ಅಕ್ಕನ ಹೊಟ್ಟೆಯಲ್ಲಿದ್ದದ್ದು ತಂಗಿಗೆ ಗೊತ್ತಿಲ್ಲದೆ ಇರಲಾರದು.

ಮುಂದಿನ ರಜೆಯ ದಿನ ಬಸ್ಸು ಹತ್ತಿದ. ನಾದಿನಿ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮಿಷನ್ನು, ಕತ್ತರಿಸಿದ ಬಟ್ಟೆಯ ಚೂರು, ಗೂಟಕ್ಕೆ ನೇತುಹಾಕಿದ ಅರೆಹೊಲಿದ ಅಂಗಿಗಳು. ಅವನನ್ನು ಕಂಡು ಗಾಬರಿಯಿಂದ ಎದ್ದಳು. “ಏನು ಭಾವ, ಹೇಳದೆ ಕೇಳದೆ? ಹುಷಾರಾಗಿದೀರಾ?” ಎಂದು ಕುರ್ಚಿಯ ಮೇಲಿನ ಬಟ್ಟೆ ತೆಗೆದಳು. ನೀರು ಕೊಟ್ಟಳು. ಅವನು ನೀರು ಕುಡಿದು ಲೋಟ ಕೆಳಗಿಡದೆ ಕೇಳಿದ.

“ನಿಮ್ಮಕ್ಕನಿಗೆ ಬಲಗಿವಿ ಕೇಳ್ತಿರಲಿಲ್ವೇನಮ್ಮ?”

ನಾದಿನಿ ಮಿಷನ್ನಿನ ಮುಂದೆ ಕೂತು, ಸೂಜಿಗೆ ಸಿಕ್ಕಿದ್ದ ದಾರ ಬಿಡಿಸತೊಡಗಿದಳು. “ಯಾರು ಹೇಳಿದ್ರು?”

“ಸೆಟ್ಟು.”

ಅವಳಿಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ. “ಚಿಕ್ಕೋಳಿದ್ದಾಗ ಮಂಗನಬಾವು ಆಗಿತ್ತು ಭಾವ. ಆಗಲೇ ಹೋಯ್ತು. ಮದುವೆ ಹೊತ್ತಲ್ಲಿ ಹೇಳಬೇಡ ಅಂತ ಅಮ್ಮ ಬಾಯಿ ಮುಚ್ಚಿಸಿದ್ಲು. ಆಮೇಲೆ ಹೇಳ್ತೀನಿ ಹೇಳ್ತೀನಿ ಅಂತಲೇ ವರ್ಷ ಕಳೀತು. ತಡವಾದ ಮೇಲೆ ಹೇಳೋಕೆ ಅವಳಿಗೇ ನಾಚಿಕೆ.”

“ನನ್ನ ಮಾತು?”

“ಅಲ್ಲೊಂದು ಇಲ್ಲೊಂದು ಕೇಳ್ತಿತ್ತು. ಮಿಕ್ಕಿದ್ದು ಅವಳೇ ಕಟ್ಕೋತಿದ್ಲು.” ನಾದಿನಿಗೆ ನಗು ಬಂತು. “ಮಾರನೇ ದಿನ ನನಗೆ ಫೋನ್ ಮಾಡಿ, ಅವರು ಹೀಗಂದ್ರು ಹಾಗಂದ್ರು ಅಂತ ಉದ್ದಕ್ಕೂ ಹೇಳೋಳು. ಒಂದ್ಸಲ ನೀವು ಅವಳನ್ನ ಬೆಟ್ಟದ ಊರಿಗೆ ಕರ್ಕೊಂಡು ಹೋಗ್ತೀನಿ ಅಂದ್ರಂತೆ. ಚೀಲ ಕೂಡ ತಗೊಂಡಿದ್ಲು. ನೀವು ಅಂಗಡಿ ಬದಲಾಯಿಸೋ ಮಾತು ಆಡಿದ್ದು ಅಂತ ಆಮೇಲೆ ಗೊತ್ತಾಯ್ತು.”

“ನನ್ನನ್ನ ಈ ಕಡೆ ಕೂತ್ಕೊಳ್ಳಿ ಅನ್ನಬಹುದಿತ್ತು. ಹಾಡು ನಿಲ್ಲಿಸಬಹುದಿತ್ತು.”

“ಹೇಳಿದ್ದೆ ನಾನೂ. ಬೇಡ ಕಣೆ ಅನ್ನೋಳು. ಹಾಡು ನಿಂತ್ರೆ ಅವರ ಬಾಯೂ ನಿಲ್ಲುತ್ತೆ. ಕೇಳಿಸ್ತಿಲ್ಲ ಅಂತ ಗೊತ್ತಾದ್ರೆ ಅವತ್ತಿಂದ ಮಾತೇ ಆಡಲ್ಲ, ನನಗೆ ಗೊತ್ತು ಅವರ ಸ್ವಭಾವ. ಏನಾದ್ರೂ ಅನ್ನಲಿ, ಪಕ್ಕದಲ್ಲಿ ಮಾತಾಡ್ತಿದಾರಲ್ಲ, ಅಷ್ಟು ಸಾಕು ಅನ್ನೋಳು.”

ಗುಂಡಿರಾಯ ಲೋಟವನ್ನು ಕೈಯಲ್ಲಿ ತಿರುಗಿಸಿದ. ಕೇಳಬೇಕಾದದ್ದು ಇನ್ನೂ ಒಂದಿತ್ತು. ಕೇಳದೆ ಎದ್ದು ಹೋದರೆ ಒಂದು ಪಾಲು ಆಸೆಯಾದರೂ ಉಳಿದೀತು ಎಂದೂ ಅನಿಸಿತು. ಅಷ್ಟರಲ್ಲಿ ನಾದಿನಿಯೇ ಹೇಳಿದಳು.

“ಒಂದು ದಿನದ್ದು ಮಾತ್ರ ಅವಳಿಗೆ ಕಟ್ಟೋಕೆ ಆಗಲಿಲ್ಲ ಭಾವ. ಅವತ್ತು ನೀವು ಏನೋ ಹೇಳ್ತಿದ್ರಂತೆ. ತಲೆ ಎತ್ತಲಿಲ್ವಂತೆ, ಕೈಲಿದ್ದ ರಿಮೋಟನ್ನ ಸುಮ್ಸುಮ್ನೆ ಬಿಚ್ಚಿ ಮುಚ್ಚಿ ಮಾಡ್ತಿದ್ರಂತೆ. ಒಂದು ಅಕ್ಷರ ಕೇಳಿಸಲಿಲ್ಲ ಅಂದ್ಲು. ‘ಏನು’ ಅಂತ ಕೇಳಬಾರದಿತ್ತೇನೇ ಅಂದೆ. ಅಷ್ಟು ಕಷ್ಟಪಟ್ಟು ಹೇಳಿದ್ದನ್ನ ಇನ್ನೊಂದು ಸಲ ಹೇಳಿಸಬೇಕಾ, ಪಾಪ, ಅದಕ್ಕೆ ಹೂಂ ಅಂದೆ ಅಂದ್ಲು. ಆದ್ರೆ ಅದು ಅವಳನ್ನ ಬಿಡಲೇ ಇಲ್ಲ. ಏನಂದಿರಬಹುದೇ, ಏನಂದಿರಬಹುದೇ ಅಂತ ಎಷ್ಟು ದಿನ ಕೇಳಿದ್ಲೋ.” ದಾರ ಬಿಟ್ಟು ಅವನ ಮುಖ ನೋಡಿದಳು. “ಏನಂದಿದ್ರಿ ಭಾವ ಅವತ್ತು?”

ಕೋಣೆಯಲ್ಲಿ ಹಾಡಿರಲಿಲ್ಲ. ಮಿಷನ್ನೂ ನಿಂತಿತ್ತು. ರಸ್ತೆಯಲ್ಲಿ ಹೋಗುವವರ ಚಪ್ಪಲಿಯ ಸದ್ದು ಒಳಗೆ ಬರುತ್ತಿತ್ತು. ಅವನು ಲೋಟವನ್ನು ನೆಲಕ್ಕಿಟ್ಟ. ತಲೆ ಎತ್ತಿ, ಅಕ್ಕನ ಮೂಗೇ ಇದ್ದ ಆ ಮುಖವನ್ನು ನೋಡುತ್ತ, ಅವತ್ತಿನ ಮಾತನ್ನು ಮೊದಲಿನಿಂದ ಹೇಳಿದ. ಡಾಕ್ಟರು ಹೇಳಿದ್ದನ್ನು ಹೇಳಿದ, ಬೆಂಚಿನ ಹತ್ತಿರ ತಾನು ಆಡಿದ ಸುಳ್ಳನ್ನು ಹೇಳಿದ. ತನ್ನ ದನಿ ತನಗೇ ಕೇಳಿಸುತ್ತಿತ್ತು, ಪ್ರತಿ ಅಕ್ಷರವೂ.

ನಾದಿನಿ ಹೂಂ ಎನ್ನಲಿಲ್ಲ. ಬೈಯಲೂ ಇಲ್ಲ. ತೊಡೆಯ ಮೇಲಿದ್ದ ಯಾರದೋ ಅಂಗಿಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

“ಆಸ್ಪತ್ರೆಯಿಂದ ಕಡೇ ಸಲ ಫೋನ್ ಮಾಡಿದ್ಲಲ್ಲ,” ಎಂದಳು ಕೊನೆಗೆ, “ಆಗ ನಿಮ್ಮ ಬಗ್ಗೇನೇ ಮಾತು. ‘ನನ್ನಿಂದಾಗಿ ಅವರಿಗೆ ಹಿಂದೆ ಮುಂದೆ ಯಾರೂ ಇಲ್ಲದ ಹಾಗಾಯ್ತು ಕಣೆ. ನನ್ನ ಹೊಟ್ಟೆಯಲ್ಲಿ ಒಂದು ಹುಟ್ಟಿದ್ದಿದ್ರೆ ಇವತ್ತು ಅವರ ಜೊತೆಗಾದ್ರೂ ಇರ್ತಿತ್ತು. ಅವರು ಒಂದು ದಿನವೂ ನನ್ನನ್ನ ಅನ್ನಲಿಲ್ಲ, ಎಂಥ ದೊಡ್ಡ ಮನಸ್ಸು’ ಅಂದ್ಲು.”

ನಾದಿನಿ ಎದ್ದು ಒಳಗೆ ಹೋದಳು, ಹೋಗುವಾಗ ಅವನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ “ಬಸ್ಸು ಸಂಜೆಗೆ. ಊಟ ಮಾಡ್ಕೊಂಡು ಹೋಗಿ” ಎಂದಳು.